ಚೆಂಡಿನ ನೆರಳು ಯಾರದು

ಜ್ವರ ನೆರಳಿನಿಂದ ನೆರಳಿಗೆ ಹತ್ತುತ್ತಿದ್ದ ಆ ವರ್ಷ ನಮ್ಮೂರಿನಲ್ಲಿ ಹೆದರದೆ ಇದ್ದವನು ನಾನೊಬ್ಬನೇ. ಬೇರೆಯವರನ್ನು ಕೇಳಿದರೆ ಬೇರೆ ಹೇಳಿಯಾರು. ನಾನು ಮೂರು ವಾರ ಮಂಚದ ಕೆಳಗೆ ಮಲಗಿದ್ದೆನೆಂದು ನನ್ನ ಹೆಂಡತಿಯೇ ಓಣಿ ತುಂಬ ಹೇಳಿದ್ದಾಳೆ. ಅದು ವ್ಯಾಯಾಮ. ಪಿ.ಟಿ. ಮಾಸ್ತರನಾದವನಿಗೆ ಮಂಚದ ಕೆಳಗೂ ಕೆಲಸವಿರುತ್ತದೆ. ಇಪ್ಪತ್ತೆಂಟು ವರ್ಷ ಈ ಊರಿನ ಮಕ್ಕಳನ್ನು ಓಡಿಸಿದವನು ನಾನು, ಗೂಳಪ್ಪ ಮಾಸ್ತರ. ನನ್ನ ಸೀಟಿಯ ಸದ್ದಿಗೆ ಒಮ್ಮೆ ರೈಲು ನಿಂತಿದೆ. ನಮ್ಮೂರಿಗೆ ರೈಲೇ ಇಲ್ಲವಲ್ಲ ಎನ್ನುವವರು, ಅದು ಎಷ್ಟು ದೂರದ ರೈಲಾಗಿರಬೇಕು ಎಂಬುದನ್ನು ತಾವೇ ಯೋಚಿಸಲಿ.

ಪುರಸಭೆಯ ಆಟೋ ದಿನಕ್ಕೆರಡು ಸಲ ಬಂದು ಕೂಗಿ ಹೋಗುತ್ತಿತ್ತು: ಯಾರ ನೆರಳೂ ಇನ್ನೊಬ್ಬರ ನೆರಳಿಗೆ ತಾಗತಕ್ಕದ್ದಲ್ಲ. ಬೆಳಗಿನ ನೆರಳು ಉದ್ದವಾದ್ದರಿಂದ ಹಾಲಿನವನು ಹನ್ನೊಂದಕ್ಕೆ ಬರತೊಡಗಿದ. ಪೂರ್ವ ಪಶ್ಚಿಮಕ್ಕಿರುವ ಓಣಿಗಳಲ್ಲಿ ಒಬ್ಬರ ಪಕ್ಕ ಒಬ್ಬರು ನಡೆಯಬೇಕು, ಹಿಂದೆ ಹಿಂದೆ ಬರುವಂತಿಲ್ಲ. ಉತ್ತರ ದಕ್ಷಿಣದ ಓಣಿಗಳಲ್ಲಿ ಹಿಂದೆ ಹಿಂದೆಯೇ ನಡೆಯಬೇಕು, ಪಕ್ಕಕ್ಕೆ ಬರುವಂತಿಲ್ಲ. ತಿರುವಿನಲ್ಲಿ ಏನು ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ಹಾಗಾಗಿ ತಿರುವುಗಳಲ್ಲಿ ಜನ ಗಂಟೆಗಟ್ಟಲೆ ನಿಂತುಬಿಡುತ್ತಿದ್ದರು. ಬನದವರ ತಿರುವಿನಲ್ಲಿ ಹಾಗೆ ಸಿಕ್ಕಿಹಾಕಿಕೊಂಡ ಎರಡು ಮನೆಯವರು ಅಲ್ಲೇ ಮಾತಾಡಿ ಹೆಣ್ಣು ಗಂಡು ಒಪ್ಪಿಸಿ, ಎಂಟು ದಿನ ಬಿಟ್ಟು ಅಲ್ಲೇ ಮದುವೆಯನ್ನೂ ಮುಗಿಸಿದರು. ಊಟಕ್ಕೆ ನಾನಿದ್ದೆ. ನಲವತ್ತು ಹೋಳಿಗೆ ತಿಂದೆ.

ಗೋಡೆಯ ನೆರಳಿನಲ್ಲಿ ಒಬ್ಬನೇ ನಿಂತರೆ ತಪ್ಪಿಲ್ಲ, ಗೋಡೆಗೆ ಜ್ವರ ಬರುವುದಿಲ್ಲ ಎಂದು ಸೋಮವಾರ ಕೂಗಿದರು. ಇಬ್ಬರು ನಿಂತರೆ ಗೋಡೆಯೇ ತಾಗಿಸಿದಂತಾಗುತ್ತದೆ ಎಂದು ಮಂಗಳವಾರ ಕೂಗಿದರು. ಗೋಡೆಯ ಯಜಮಾನನಿಗೆ ದಂಡ ಎಂದು ಬುಧವಾರ. ಮೋಡ ಕವಿದ ದಿನ ಮಕ್ಕಳೆಲ್ಲ ಕುಣಿಯುತ್ತ ಹೊರಗೆ ಬಂದವು, ನೆರಳೇ ಇಲ್ಲವಲ್ಲ ಎಂದು. ಆಗ ಆಟೋ ಓಡೋಡಿ ಬಂತು: ಮೋಡದ ದಿನ ಎಲ್ಲರ ನೆರಳೂ ಸೇರಿ ಒಂದೇ ಆಗಿರುವುದರಿಂದ ಯಾರೂ ಮನೆಯಿಂದ ಹೊರಬರತಕ್ಕದ್ದಲ್ಲ. ಕತ್ತಲಾದ ಮೇಲಂತೂ ಕೇಳುವುದೇ ಬೇಡ.

ಆಟಗಳ ಪಾಡು ಇನ್ನೂ ವಿಚಿತ್ರ. ನೆತ್ತಿಯ ಮೇಲೆ ದೀಪ ಇಳಿಬಿಟ್ಟರೆ ಕೇರಂ ಆಡಬಹುದು. ಕಬಡ್ಡಿ ಆಡಬಹುದು, ಮುಟ್ಟುವಂತಿಲ್ಲ. ಒಬ್ಬ ಹೋಗಿ ಉಸಿರು ಹಿಡಿದು ನಿಂತು, ಎಲ್ಲರಿಗೂ ಕೈಮುಗಿದು ಬರಬೇಕು. ಕ್ರಿಕೆಟ್ಟಿಗೆ ಒಪ್ಪಿಗೆ, ಏಕೆಂದರೆ ಅದರ ಚೆಂಡಿನ ನೆರಳು ಅಂಗೈಯಷ್ಟೂ ಇಲ್ಲ, ಮೇಲಾಗಿ ಆ ಆಟದಲ್ಲಿ ಬಹಳ ಜನ ದೂರ ದೂರ ಸುಮ್ಮನೇ ನಿಂತಿರುತ್ತಾರೆ. ಫುಟ್‌ಬಾಲ್ ಬಗ್ಗೆ ಮಾತ್ರ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಮ್ಮ ಮಕ್ಕಳು ಚೆಂಡನ್ನು ಎದುರಿಗಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಮಾರು ದೂರಕ್ಕೊಬ್ಬರಂತೆ ಕೂತು ಅದನ್ನು ನೋಡುತ್ತಿದ್ದವು.

ಅಂಥ ಹೊತ್ತಿನಲ್ಲಿ ಕ್ರೀಡಾ ಹಾಸ್ಟೆಲ್ಲಿನ ಪಿಂಟೋ ಮೇಡಂ ಫೋನ್ ಮಾಡಿದರು. ಗೋಲ್‌ಕೀಪರ್ ಒಬ್ಬಳು ಬೇಕಾಗಿದ್ದಾಳೆ, ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ, ಆಟ ನಡೆಯುತ್ತಿದೆಯೇ ಎಂದು ಕೇಳಿದರು. ನಡೆಯುತ್ತಿದೆಯೇ ಎಂದರೆ? ಈ ಜ್ವರದಲ್ಲಿ ಹದಿನಾಲ್ಕು ಪಂದ್ಯ ಆಡಿಸಿದ್ದೇನೆ, ಗುರುವಾರ ಹದಿನೈದನೆಯದು, ಬಂದು ನೋಡಿ ಎಂದೆ. ಬಾಯಿಗೆ ಬಂದ ಮಾತನ್ನು ವಾಪಸ್ ಕಳಿಸುವ ಅಭ್ಯಾಸ ನನಗಿಲ್ಲ. ಹದಿನಾಲ್ಕಲ್ಲ, ಒಂದೂ ಆಡಿಸಿರಲಿಲ್ಲ.

ಗೋಲ್‌ಕೀಪರ್ ಮಾತ್ರ ನಿಜವಾಗಿಯೂ ಇದ್ದಳು. ಹುಲಿಗೆಮ್ಮ, ಎಲ್ಲರ ಬಾಯಲ್ಲಿ ಹುಲಿಗಿ. ಬಜಾರಿನ ಕೊನೆಗೆ ಚಪ್ಪಲಿ ಹೊಲಿಯುವ, ನಮ್ಮ ಚೆಂಡುಗಳನ್ನೂ ಹೊಲಿಯುವ ದುರ್ಗಪ್ಪನ ಮಗಳು. ತಾಯಿಯಿಲ್ಲದವಳು. ಆ ಹುಡುಗಿ ಹಾರಿದರೆ ಹಿಂದಿನ ಬೇವಿನ ಮರದ ಕಾಗೆಗಳು ಜಾಗ ಬಿಟ್ಟುಕೊಡುತ್ತಿದ್ದವು. ಬರುವ ತಿಂಗಳು ಅವಳಿಗೆ ಹದಿನೈದು ತುಂಬುತ್ತಿತ್ತು. ತುಂಬಿದ ಮೇಲೆ ಹಾಸ್ಟೆಲ್ಲಿಗೆ ತೆಗೆದುಕೊಳ್ಳುವುದಿಲ್ಲ. ನಮ್ಮೂರ ಶಾಲೆಯಲ್ಲಿ ಅವಳ ತರಗತಿ ಮುಗಿದಿತ್ತು, ಮುಂದಿನ ಶಾಲೆಯ ಊರಿಗೆ ಹೋಗುವ ಬಸ್ಸು ಜ್ವರದಿಂದಾಗಿ ನಿಂತುಹೋಗಿತ್ತು. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಚಿಕ್ಕಮ್ಮನ ಊರಿನ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಮುರಿಯುವ ಕೆಲಸ. ಚಿಕ್ಕಮ್ಮ ಆಗಲೇ ಘಾಟು ತಡೆಯಲು ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನೂ ಹೊಲಿಸಿ ಕಳಿಸಿದ್ದಳು.

"ಸರ್ರ, ಗುರುವಾರ ಮ್ಯಾಚ್ ಖರೇನ ಐತೇನ್ರಿ?" ಎಂದು ಹುಲಿಗಿ ಬಾವಿಕಟ್ಟೆಯ ಆಚೆ ತುದಿಯಿಂದ ಕೂಗಿ ಕೇಳಿದಳು.

"ನಾ ಯಾವಾಗರ ಸುಳ್ಳ ಹೇಳೀನೇನಬೇ?"

ಅವಳು ಬೆರಳು ಮಡಚಿ ಎಣಿಸತೊಡಗಿದಳು. "ಯಾವುದರಿಂದ ಶುರು ಮಾಡ್ಲಿ?" ಎಂದಳು.

ಪುರಸಭೆಯ ಮುಖ್ಯಾಧಿಕಾರಿ ಮುನವಳ್ಳಿ ಸಾಹೇಬರ ಹತ್ತಿರ ಹೋದೆ. ಬಲ್ಬನ್ನು ನೆತ್ತಿಯ ಮೇಲೆ ಇಳಿಬಿಟ್ಟುಕೊಂಡು, ತಮ್ಮ ನೆರಳನ್ನು ಕುರ್ಚಿಯ ಕೆಳಗೆ ಮುದುಡಿಸಿಟ್ಟುಕೊಂಡು ಕೂತಿದ್ದರು. ಮೇಜಿನ ಮೇಲಿನ ಫೈಲು ನನ್ನ ಎದೆಯವರೆಗೆ ಬರುತ್ತಿತ್ತು.

"ಸಾಹೇಬ್ರ, ಫುಟ್‌ಬಾಲ್ ಆಡಬೇಕೋ ಬ್ಯಾಡೋ?"

"ಪುಟ ಒಂಬತ್ತು ನೋಡ್ರಿ."

ಒಂಬತ್ತನೇ ಪುಟದಲ್ಲಿ, ಕಾಲಿನಿಂದ ಆಡುವ ಆಟಗಳಿಗೆ ಪುಟ ಹದಿನಾಲ್ಕು ನೋಡಿ ಎಂದಿತ್ತು. ಹದಿನಾಲ್ಕರಲ್ಲಿ, ಚೆಂಡಿನಿಂದ ಆಡುವ ಆಟಗಳಿಗೆ ಪುಟ ಒಂಬತ್ತು ನೋಡಿ ಎಂದಿತ್ತು. ನಾನು ಮೂರು ಸುತ್ತು ಹಾಕಿದೆ. ಮೈದಾನದಲ್ಲೂ ಅಷ್ಟು ದಣಿದವನಲ್ಲ.

"ಇದನ್ನ ಬರದವರು ಯಾರ್ರೀ ಸಾಹೇಬ್ರ?"

"ನಾನ." ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮ್ಯಾಲಿಂದ ದಿನಾ ಒಂದು ಹೊಸಾದು ಬರತೈತಿ ಗೂಳಪ್ಪನವರ. ನಾ ಹಳೇದನ್ನ ತಗಿಯೂದಿಲ್ಲ, ಹೊಸಾದನ್ನ ಸೇರಸ್ತೀನಿ. ತಗದ್ರ ಯಾಕ ತಗದಿ ಅಂತ ಕೇಳತಾರ. ಸೇರಿಸಿದ್ರ ಯಾರೂ ಕೇಳೂದಿಲ್ಲ. ನಿನ್ನಿ ನನ್ನ ಮಗಳು, ಅಪ್ಪಾ ಕುಂಟಾಬಿಲ್ಲಿ ಆಡಬೇಕೇನು ಅಂದ್ಳು. ಅರ್ಜಿ ಕೊಡು ಅಂದುಬಿಟ್ಟೆ."

ನಾನು ಹುಲಿಗಿಯ ವಿಷಯ ಹೇಳಿದೆ. ಅವಳು ಹಿಡಿದ ಚೆಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ಏಣಿ ಬೇಕಾಗಿಲ್ಲ ಎಂದೂ ಹೇಳಿದೆ. ಅವರು ಫೈಲು ಮುಚ್ಚಿ ಬಿಳಿ ಹಾಳೆಯೊಂದನ್ನು ಎಳೆದುಕೊಂಡರು.

"ಎರಡು ಕಂಡೀಷನ್ನು. ಆಡೂ ಅಷ್ಟು ಹೊತ್ತು ಎಲ್ಲಾರ ನೆರಳೂ ಅವರವರ ಕಾಲಾಗ ಇರಬೇಕು. ಒಂದು ಹೆಜ್ಜಿಗಿಂತ ಹೊರಗ ಬಂತೋ, ಆಟ ಬಂದ್. ಎರಡನೇದು, ಚೆಂಡಿನ ನೆರಳು ಯಾರದು ಅಂತ ಬರದು ಕೊಡ್ರಿ."

"ಚೆಂಡಿನ ನೆರಳು ಚೆಂಡಿನ್ದು!"

"ಹಂಗಂದ್ರ ಹೆಂಗ? ಅದು ಇಪ್ಪತ್ತೆರಡು ಮಂದಿ ಕಾಲಾಗ ಹಾದು ಹೊಕ್ಕೈತಿ. ದಿಕ್ಕಿಲ್ಲದ ನೆರಳನ್ನ ಊರಾಗ ಬಿಡಾಕ ನನಗ ಅಧಿಕಾರ ಇಲ್ಲ. ಅದಕ್ಕೊಬ್ಬ ಯಜಮಾನ ಬೇಕು, ಅವನಿಗೆ ಜ್ವರ ಇಲ್ಲಂತ ಸರ್ಟಿಫಿಕೇಟ್ ಬೇಕು."

ನೆತ್ತಿಯ ಬಿಸಿಲಿನಲ್ಲಿ ನೆರಳು ಕಾಲಡಿ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದೆ. ಸಾಹೇಬರಿಗೆ ಗೊತ್ತಿರಲಿಲ್ಲ. ಗುಮಾಸ್ತ ಐದು ನಿಮಿಷ ಎಂದ. ಜವಾನ ಸಂಜೆಯವರೆಗೆ ಎಂದ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಆರು ತಿಂಗಳಿಂದ ಇಡೀ ಊರು ನೆಲ ನೋಡಿಕೊಂಡೇ ನಡೆಯುತ್ತಿತ್ತು, ಆದರೆ ನೆರಳು ಯಾವಾಗ ಎಲ್ಲಿರುತ್ತದೆ ಎಂಬುದು ಒಬ್ಬರಿಗೂ ತಿಳಿದಿರಲಿಲ್ಲ.

ಸೋತು ದುರ್ಗಪ್ಪನ ಮನೆಯ ಹೊಸ್ತಿಲ ಮೇಲೆ ಹೋಗಿ ಕೂತೆ. ಅದು ನನ್ನ ಹಳೆಯ ಜಾಗ. ಅವನು ಒಳಗೆ ಚೆಂಡನ್ನು ತೊಡೆಯ ಸಂದಿಯಲ್ಲಿಟ್ಟುಕೊಂಡು ಹೊಲಿಯುತ್ತಿದ್ದ. ಸಾಹೇಬರ ಎರಡೂ ಕಂಡೀಷನ್ನು ಹೇಳಿದೆ.

"ಒಂದು ಹೆಜ್ಜಿ ನೆರಳೇನ್ರಿ?" ಎಂದು ದುರ್ಗಪ್ಪ ತಲೆಯೆತ್ತದೆ ಹೇಳಿದ. "ಈಗಿನ ದಿನಮಾನದಾಗ ಹನ್ನೊಂದೂ ಮುಕ್ಕಾಲಕ್ಕ ಒಳಗ ಬರತೈತಿ. ಒಂದಕ್ಕ ಹೊರಗ ಹೊಕ್ಕೈತಿ."

"ನಿನಗ ಹೆಂಗ ಗೊತ್ತೋ?"

ಅವನು ಸೂಜಿಯ ತುದಿಯಿಂದ ನಾನು ಕೂತಿದ್ದ ಕಲ್ಲನ್ನು ತೋರಿಸಿದ. ನಾನು ಎದ್ದು ನೋಡಿದೆ. ಹೊಸ್ತಿಲ ಕಲ್ಲಿನಲ್ಲಿ ಕೊರೆದ ಗೆರೆಗಳಿದ್ದವು, ಜೋಡಿ ಜೋಡಿಯಾಗಿ. ಮುಂದೆ ಬಾಗಿಲ ಕಂಬದ ಗಿಡ್ಡ ನೆರಳು ಅವುಗಳ ಕಡೆಗೆ ಮೆಲ್ಲಗೆ ಬರುತ್ತಿತ್ತು.

"ನಮ್ಮ ಮುತ್ಯಾ ಕೊರದಾನ್ರಿ. ಹಂಗಾಮಿಗೊಂದು ಜೋಡಿ ಗೆರಿ. ಕಂಬದ ನೆರಳು ಈ ಗೆರಿ ಒಳಗ ಬಂದ ಮ್ಯಾಲೆ ಅವ ಬಜಾರಕ್ಕ ಹೋಗಬೇಕು, ಆ ಗೆರಿ ದಾಟೂದ್ರಾಗ ವಾಪಸ್ ಬಂದಿರಬೇಕು. ಅವನ ನೆರಳು ಯಾರ ಮ್ಯಾಲೂ ಬೀಳೂ ಹಂಗ ಇರಲಿಲ್ಲ."

"ಅವಾಗೂ ಜ್ವರಿತ್ತೇನು?"

ದುರ್ಗಪ್ಪ ದಾರವನ್ನು ಹಲ್ಲಿನಿಂದ ಕಡಿದ. "ಇಲ್ರಿ," ಎಂದ. "ಆಗ ಜ್ವರ ಇರಲಿಲ್ಲ."

ಇಪ್ಪತ್ತೆಂಟು ವರ್ಷ ನಾನು ಆ ಕಲ್ಲಿನ ಮೇಲೆ ಕೂತಿದ್ದೇನೆ. ಅಲ್ಲಿ ಕೂತು ಚಹಾ ಕುಡಿದಿದ್ದೇನೆ, ಹುಲಿಯ ಬಾಲ ಹಿಡಿದು ಹಳ್ಳ ದಾಟಿದ ಕಥೆಯನ್ನು ನೂರು ಸಲ ಹೇಳಿದ್ದೇನೆ. ಆ ಗೆರೆಗಳನ್ನು ಉಳಿ ಮಸೆದ ಗುರುತು ಎಂದುಕೊಂಡಿದ್ದೆ.   ಈಗ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದೆ.

"ಕೂಡ್ರಿ ಮಾಸ್ತರ್ರ, ಗೆರಿ ಏನೂ ಕಡಿಯೂದಿಲ್ಲ," ಎಂದ ದುರ್ಗಪ್ಪ. ಚೆಂಡನ್ನು ಒತ್ತಿ ನೋಡಿದ. "ಇದರ ನೆರಳು ನಂದಂತ ಬರಕೊಡ್ರಿ. ಹೊಲದಾಂವ ನಾನ. ಸರ್ಟಿಫಿಕೇಟ್ ತರತೀನಿ. ಆದ್ರ ಇದರ ಕೆಳಗ ಬರಾಕ ಕೋಟಿ ಓಣಿಯವ್ರು ಒಪ್ಪತಾರೇನು, ಅದನ್ನ ಮೊದಲ ಕೇಳ್ರಿ."

ಕೋಟೆ ಓಣಿಯವರೇ ಎದುರಾಳಿ ತಂಡ. ಅವರ ನಾಯಕಿ ಇಂದುಮತಿ. ಅವಳ ಅಪ್ಪ, ಕಬ್ಬಿಣದ ಅಂಗಡಿಯ ವೀರಭದ್ರಪ್ಪ, ಅಂಗಡಿಯ ಕಟ್ಟೆಯ ಮೇಲೆ ಸಿಕ್ಕ. ಸಾಹೇಬರು ಸಹಿ ಹಾಕಿದ ಹಾಳೆಯನ್ನು ಎರಡು ಸಲ ಓದಿದ. ಯಜಮಾನನ ಹೆಸರು ಬರುವ ಜಾಗದಲ್ಲಿ ಅವನ ಬೆರಳು ನಿಂತಿತು.

"ಚೆಂಡಿನ ನೆರಳು ದುರ್ಗಪ್ಪಂದಂತೇನು?"

"ಹೌದು. ಜ್ವರ ಇಲ್ಲಂತ ಸರ್ಟಿಫಿಕೇಟ್ ಐತಿ."

"ಐತಿ, ಐತಿ. ಬ್ಯಾರೆ ಏನಲ್ಲ ಮಾಸ್ತರ, ಜ್ವರದ ವಿಚಾರ ನೋಡ್ರಿ..."

"ಜ್ವರ ಇಲ್ಲಂತನ ಬರದೈತಲ್ಲಪಾ."

"ಬರದೈತಿ... ಆದ್ರೂ."

ಅಷ್ಟರಲ್ಲಿ ಒಳಗಿನಿಂದ ಇಂದುಮತಿ ಹೊರಗೆ ಬಂದಳು. ಕೈಯಲ್ಲಿ ರೊಟ್ಟಿ, ಬಾಯಲ್ಲೂ ರೊಟ್ಟಿ.

"ಅಪ್ಪಾ, ಹೋದ ವರ್ಷ ಪೂರಾ ಆ ಚೆಂಡನ್ನ ತಲಿಮ್ಯಾಲೆ ತಗೊಂಡೀನಿ ನಾ. ನಾಕು ಗೋಲ್ ತಲೀಲೇ ಹೊಡದೀನಿ. ನೆರಳು ಇನ್ನೇನ್ ಮಾಡತೈತಿ?"

ವೀರಭದ್ರಪ್ಪ ಅವಳ ತಲೆಯನ್ನು ಈಗ ತಾನೇ ಕಂಡವನಂತೆ ನೋಡಿದ. ಹಾಳೆಯನ್ನು ಮಡಚಿ ನನಗೆ ಕೊಟ್ಟ. ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಆ ವರ್ಷ ನಮ್ಮೂರಿನಲ್ಲಿ ಒಪ್ಪಿಗೆ ಎಂದರೆ ಅಷ್ಟೇ.

ಗುರುವಾರ ಬಂತು. ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ಮೈದಾನದ ಕಲ್ಲಿನ ಮೇಲೆ ಹಲ್ಲಿಯೊಂದು ಹಪ್ಪಳವಾಗಿ ಹೋಯಿತು. ಊರಿಗೆ ಊರೇ ಗಡಿಗೆರೆಯ ಸುತ್ತ ಕೈಚಾಚಿದಷ್ಟು ದೂರಕ್ಕೊಬ್ಬರಂತೆ ನಿಂತಿತ್ತು. ದುರ್ಗಪ್ಪ ಹೊಸ್ತಿಲಿನ ಅಳತೆಯನ್ನು ದಾರದಲ್ಲಿ ತಂದಿದ್ದ. ಮೈದಾನದ ಮೂಲೆಯಲ್ಲಿ ಕೋಲು ನೆಟ್ಟು, ದಾರ ಹಿಡಿದು, ಸುಣ್ಣದಿಂದ ಎರಡು ಗೆರೆ ಎಳೆದು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೋಲಿನ ನೆರಳು ಎರಡನೇ ಗೆರೆ ದಾಟಿದರೆ ಅವನು ಕೈ ಎತ್ತಬೇಕು, ನಾನು ಸೀಟಿ ಊದಬೇಕು. ಸಾಹೇಬರು ಫೈಲು ಹಿಡಿದು ಬಂದಿದ್ದರು. ಪಿಂಟೋ ಮೇಡಂ ಸ್ಕೂಟರಿನಲ್ಲಿ ಬಂದು ಇಳಿದು ಛತ್ರಿ ಬಿಚ್ಚಿದರು. ನಾಲ್ಕು ಮಂದಿ ಚೀರಿಕೊಂಡರು. ಒಂದು ಛತ್ರಿಯ ನೆರಳು ಮೂರು ಜನರ ನೆರಳಿಗೆ ಸಮ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಹನ್ನೆರಡಕ್ಕೆ ಐದೇ ನಿಮಿಷ ಉಳಿದಿತ್ತು.

ಸೀಟಿ ಊದಿದೆ. ಆಟ ಶುರುವಾಯಿತು. ಅದನ್ನು ಆಟ ಎನ್ನಬಹುದಾದರೆ.

ಒಬ್ಬರೂ ಚೆಂಡನ್ನು ನೋಡುತ್ತಿರಲಿಲ್ಲ. ಇಪ್ಪತ್ತೆರಡು ಹುಡುಗಿಯರು ತಲೆ ತಗ್ಗಿಸಿ, ಕಳೆದುಹೋದ ಕಿವಿಯೋಲೆ ಹುಡುಕುವವರಂತೆ ತಂತಮ್ಮ ಕಾಲು ನೋಡಿಕೊಂಡು ಓಡುತ್ತಿದ್ದರು. ಚೆಂಡಿದ್ದವಳ ಎದುರಿಗೆ ಇನ್ನೊಬ್ಬಳು ಬಂದರೆ ಇಬ್ಬರೂ ಎರಡು ಹೆಜ್ಜೆ ದೂರದಲ್ಲೇ ಗಕ್ಕನೆ ನಿಲ್ಲುತ್ತಿದ್ದರು. "ನೀ ಹೋಗಲೇ." "ಇಲ್ಲಬೇ, ನೀ ಮೊದಲ ಹೋಗು." ಆಟ ನಿಂತು, ಮಾತುಕತೆಯಾಗಿ, ಮತ್ತೆ ಶುರುವಾಗುತ್ತಿತ್ತು. ನಮ್ಮ ಹುಡುಗಿಯೊಬ್ಬಳು ಒದ್ದ ಚೆಂಡು ಉರುಳುತ್ತ ಉರುಳುತ್ತ ಕೋಟೆ ಓಣಿಯವರ ಗೋಲಿನೊಳಗೆ ಹೋಗಿ ಕೂತಿತು. ಅವರ ಕೀಪರ್ ತನ್ನ ನೆರಳನ್ನು ಗೇಣಿನಿಂದ ಅಳೆಯುತ್ತಿದ್ದಳು. ಗೋಲಾದದ್ದು ಯಾರಿಗೂ ತಿಳಿಯಲಿಲ್ಲ. ನಾನೇ ಎಲ್ಲರನ್ನೂ ಕರೆದು ಹೇಳಬೇಕಾಯಿತು.

ಪಿಂಟೋ ಮೇಡಂ ನನ್ನನ್ನು ಗೆರೆಯ ಹತ್ತಿರ ಕರೆದರು. ಅವರು ಕರಾವಳಿಯವರು.

"ಎಂತ ಇದು ಮಾರಾಯ್ರೇ? ಹದಿನಾಲ್ಕು ಮ್ಯಾಚ್ ಆಡಿದ್ದು ಅಂದ್ರಲ್ಲ? ಇವರೆಲ್ಲ ನೆಲ ಯಾಕೆ ನೋಡ್ತಿದ್ದಾರೆ?"

"ಅದು ನಮ್ಮೂರಿನ ಶೈಲಿ ಮೇಡಂ. ಚೆಂಡನ್ನ ಕಣ್ಣಿನಿಂದ ನೋಡೂದಿಲ್ಲ, ಮನಸ್ಸಿನಿಂದ ನೋಡತಾರ."

"ನಿಮ್ಮ ಕೀಪರ್ ಹತ್ರ ಒಂದು ಚೆಂಡೂ ಹೋಗ್ಲಿಲ್ಲ. ನಾನು ಎಂತ ನೋಡ್ಲಿ? ಅವಳು ನಿಂತದ್ದನ್ನಾ?"

ಅದು ಸರಿಯಾದ ಮಾತು. ಅರ್ಧ ಆಟ ಮುಗಿಯುತ್ತ ಬಂದಿತ್ತು, ಹುಲಿಗಿಯ ಅಂಗೈ ಧೂಳು ಕಂಡಿರಲಿಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಕಡೆಗೆ ಗೋಲಿನ ಕಂಬ ಹಿಡಿದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು: "ಏ, ಯಾರಾರ ಒಂದು ಒದೀರಲೇ! ನಾ ಏನ್ ಇಲ್ಲಿ ಬೆಂಡಿಕಾಯಿ ಮಾರಾಕ ನಿಂತೀನೇನು?"

ಯಾರೂ ಒದೆಯಲಿಲ್ಲ. ನಾನು ವಿರಾಮದ ಸೀಟಿ ಊದಿ ನೇರ ಇಂದುಮತಿಯ ಹತ್ತಿರ ಹೋದೆ.

"ಇಂದೂ, ನಾ ಹೇಳಬಾರದು. ಆದ್ರೂ ಹೇಳತೀನಿ. ಹುಲಿಗಿ ಏನಂದ್ಳು ಗೊತ್ತೈತೇನು? ಕೋಟಿ ಓಣಿಯವ್ರು ರೊಟ್ಟಿ ತಿನ್ನೂದಿಲ್ಲ ಕಾಣತೈತಿ, ಅವ್ರು ಒದ್ದ ಚೆಂಡು ನನ್ನತನಕ ಬರೂದ್ರಾಗ ನನ್ನ ಮದವಿ ಆಗಿರತೈತಿ ಅಂದ್ಳು."

ಹುಲಿಗಿ ಅಂಥದ್ದೇನೂ ಅಂದಿರಲಿಲ್ಲ. ಇಂದುಮತಿಯ ಮೂಗಿನ ಹೊಳ್ಳೆಗಳು ಅಗಲವಾದವು. ನನ್ನ ಮಾತಿನಲ್ಲಿ ಅಷ್ಟು ಶಕ್ತಿಯಿದೆ. ಒಣಗಿದ ಬಾವಿಗೆ ಬೈದರೆ ನೀರು ಬರುತ್ತದೆ.

ಎರಡನೇ ಅರ್ಧದಲ್ಲಿ ಇಂದುಮತಿ ನೆಲ ನೋಡುವುದನ್ನು ಬಿಟ್ಟಳು. ಮೊದಲ ಚೆಂಡು ಇಪ್ಪತ್ತು ಹೆಜ್ಜೆಯಿಂದ ಬಂತು. ಹುಲಿಗಿ ಎಡಕ್ಕೆ ಬಿದ್ದು ಹಿಡಿದಳು. ಎರಡನೆಯದು ಮೇಲಿನ ಮೂಲೆಗೆ ಬಂತು. ಬೆರಳ ತುದಿಯಿಂದ ಎತ್ತಿ ಹೊರಗೆ ಹಾಕಿದಳು; ಅದರ ಗಾಳಿಗೆ ಸಾಹೇಬರ ಫೈಲಿನಿಂದ ಏಳು ಆದೇಶಗಳು ಹಾರಿಹೋದವು. ಅವರು ಅವನ್ನು ಹೆಕ್ಕಲು ಹೋಗಲಿಲ್ಲ. ಮೇಡಂ ಪೆನ್ನು ತೆಗೆದರು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ತಲೆಯೆತ್ತಿದರು. ಯಾರ ನೆರಳು ಎಲ್ಲಿತ್ತೋ, ದುರ್ಗಪ್ಪನ ಚೆಂಡಿನ ನೆರಳು ಯಾರ ಯಾರ ತಲೆಯ ಮೇಲೆ ಹಾದುಹೋಯಿತೋ, ದೇವರಿಗೇ ಗೊತ್ತು. ಗಡಿಗೆರೆಯಲ್ಲಿ ವೀರಭದ್ರಪ್ಪ, "ಒದಿ ಮಗಳ, ಒದಿ!" ಎಂದು ಕೂಗುತ್ತಿದ್ದ.

ನಾಲ್ಕೋ ಐದೋ ನಿಮಿಷ ಉಳಿದಿದ್ದಾಗ ಇಂದುಮತಿ ಗೋಲಿನ ಮುಂದೆ ನಮ್ಮ ಹುಡುಗಿಯೊಬ್ಬಳನ್ನು ದಾಟಿ ಮುನ್ನುಗ್ಗಿದಳು. ನಾನು ಸೀಟಿ ಊದಿದೆ. ನೆರಳಿಗೆ ನೆರಳು ತಾಗಿದೆ, ಪೆನಾಲ್ಟಿ ಎಂದೆ. ತಾಗಿತೋ? ನನಗೆ ತಾಗಿದಂತೆ ಕಂಡಿತು. ತಾಗಿಲ್ಲವೆಂದು ಎರಡೂ ತಂಡದವರು ಹೇಳಿದರು. ಪೆನಾಲ್ಟಿಗಿಂತ ಚೆನ್ನಾಗಿ ಕೀಪರಳನ್ನು ತೋರಿಸುವ ಉಪಾಯ ನನಗೆ ಗೊತ್ತಿರಲಿಲ್ಲ. ಆದರೆ ಈ ವಾದದಲ್ಲಿ ಆ ನಾಲ್ಕೋ ಐದೋ ನಿಮಿಷ ಕಳೆದುಹೋಗುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಇಂದುಮತಿ ಚೆಂಡನ್ನು ಗುರುತಿನ ಮೇಲೆ ಇಟ್ಟಳು. ಹುಲಿಗಿ ಗೋಲಿನ ನಡುವೆ ಕೈ ಚಾಚಿ ಮೊಣಕಾಲು ಬಗ್ಗಿಸಿದಳು. ನಾನು ದುರ್ಗಪ್ಪನ ಕಡೆ ತಿರುಗಿದೆ. ಕೋಲಿನ ನೆರಳು ಎರಡನೇ ಗೆರೆಯನ್ನು ಮುಟ್ಟಿ, ಅದರ ಮೇಲೆ ಹತ್ತುತ್ತಿತ್ತು. ಅವನ ಕೈ ತೊಡೆಯ ಮೇಲಿತ್ತು. ಅವನು ಮಗಳನ್ನು ನೋಡಿದ, ಗೆರೆಯನ್ನು ನೋಡಿದ. ಅವರ ಮನೆತನದಲ್ಲಿ ಆ ಗೆರೆ ದಾಟಿದ ಮೇಲೆ ಯಾರೂ ಹೊರಗೆ ನಿಂತವರಲ್ಲ. ದುರ್ಗಪ್ಪ ಮೆಲ್ಲಗೆ ಎದ್ದ. ಎರಡು ಹೆಜ್ಜೆ ಸರಿದು ನಿಂತ. ಅವನ ನೆರಳು ಸುಣ್ಣದ ಗೆರೆಯ ಮೇಲೆ ಬಿದ್ದು ಅದನ್ನು ಪೂರಾ ಮುಚ್ಚಿತು.

"ದುರ್ಗಪ್ಪಾ, ದಾಟಿತೇನೋ?" ಎಂದು ಸಾಹೇಬರು ಕೇಳಿದರು.

"ಕಾಣವಲ್ದರಿ ಸಾಹೇಬ್ರ. ನೆರಳು ಬಿದ್ದೈತಿ."

"ಯಾರ ನೆರಳು?"

"ನಂದರಿ."

ಸಾಹೇಬರು ನೋಡಲು ಹತ್ತಿರ ಬಂದರು, ಬಗ್ಗಿದರು. ಅವರ ನೆರಳು ಹೋಗಿ ದುರ್ಗಪ್ಪನ ನೆರಳಿನ ಮೇಲೆ ಬಿತ್ತು. ಅರ್ಧಕ್ಕರ್ಧ ಬಿತ್ತು. ಇಡೀ ಊರು ಒಂದೇ ಸಲ ಉಸಿರೆಳೆದುಕೊಂಡಿತು. ಉಳಿದ ಆಟಗಾರ್ತಿಯರು, ಅಪ್ಪಂದಿರು, ಅವ್ವಂದಿರು, ನಾನು, ಎಲ್ಲರೂ ನೆಲದ ಮೇಲಿನ ಆ ಒಂದು ಕಪ್ಪು ತುಂಡನ್ನು ನೋಡುತ್ತಿದ್ದೆವು. ಸಾಹೇಬರಿಗೂ ತಿಳಿಯಿತು. ಅವರು ಹಿಂದೆ ಸರಿಯಬಹುದಿತ್ತು. ಏಕೋ ಸರಿಯಲಿಲ್ಲ. "ಹೌದಲ್ಲ," ಎಂದರು, "ನನಗೂ ಏನೂ ಕಾಣವಲ್ದು."

ಅಷ್ಟರಲ್ಲಿ ನಮ್ಮೆಲ್ಲರ ಬೆನ್ನ ಹಿಂದೆ ಧಡ್ ಎಂದು ಸದ್ದಾಯಿತು.

ತಿರುಗಿದೆವು. ಹುಲಿಗಿ ಬಲಗಡೆಯ ಕಂಬದ ಬುಡದಲ್ಲಿ ಬೋರಲು ಬಿದ್ದಿದ್ದಳು. ಚೆಂಡು ಎಲ್ಲಿಯೂ ಕಾಣಲಿಲ್ಲ. ಗೋಲಾಯಿತೇ? ಗೋಲಿನ ಹಿಂದೆ ಹೋಯಿತೇ? ಇಂದುಮತಿ ಒದ್ದಳೇ ಇಲ್ಲವೇ? ಒಬ್ಬರು ಗೋಲ್ ಎಂದರು, ಒಬ್ಬರು ಹೊರಗೆ ಎಂದರು, ಜವಾನ ಚೆಂಡು ಒಡೆಯಿತು ಎಂದ. ನಾನು ಪಂದ್ಯದ ರೆಫರಿ, ಸೀಟಿ ಬಾಯಲ್ಲಿಟ್ಟುಕೊಂಡು ಯಾವುದಕ್ಕೆ ಊದಬೇಕೆಂದು ತಿಳಿಯದೆ ನಿಂತಿದ್ದೆ.

ಇಂದುಮತಿ ತಲೆಯ ಮೇಲೆ ಕೈಹೊತ್ತು ಕೂಗಿದಳು: "ಹಿಡದ್ಳರಿ! ಹಿಡದುಬಿಟ್ಳು! ನೀವು ಒಬ್ಬರೂ ನೋಡ್ಲಿಲ್ಲೇನು?"

ಹುಲಿಗಿ ಎದ್ದು ಕೂತಳು. ಎದೆಯ ಕೆಳಗಿನಿಂದ ಚೆಂಡು ಬಂತು. ಗದ್ದದಲ್ಲಿ ಮಣ್ಣು, ಮೊಣಕೈಯಲ್ಲಿ ರಕ್ತ. ಸುತ್ತಲೂ ನೋಡಿದಳು. ಅಪ್ಪನೂ ಆಗಷ್ಟೇ ಇತ್ತ ತಿರುಗಿದ್ದ. ಅವಳಿಗೆ ಅಳು ಬಂತೋ ಸಿಟ್ಟು ಬಂತೋ.

"ಯಾರೂ ನೋಡ್ಲೇ ಇಲ್ಲಾ?"

"ನಾನು ನೋಡಿದೆ ಮಗಾ," ಎಂದರು ಪಿಂಟೋ ಮೇಡಂ, ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವುತ್ತ. "ನಾನು ಬಂದದ್ದೇ ನೋಡ್ಲಿಕ್ಕೆ. ನಿನ್ನ ಪೂರ್ತಿ ಹೆಸರು ಹೇಳು."

ಸಾಹೇಬರನ್ನೂ ದುರ್ಗಪ್ಪನನ್ನೂ ಸಾಹೇಬರದೇ ಆದೇಶದಂತೆ ಹದಿನಾಲ್ಕು ದಿನ ಶಾಲೆಯ ಒಂದೇ ಕೋಣೆಯಲ್ಲಿಟ್ಟರು. ತಾಗಿದ ಮೇಲೆ ಬೇರೆ ಬೇರೆ ಇಟ್ಟು ಪ್ರಯೋಜನವಿಲ್ಲ ಎಂದು ಪುಟ ಮೂವತ್ತರಲ್ಲಿ ಇತ್ತು. ಇಬ್ಬರೂ ದೀಪದ ಕೆಳಗೆ ಕೇರಂ ಆಡಿದರು. ಜ್ವರ ಯಾರಿಗೂ ಬರಲಿಲ್ಲ. ಹೊರಗೆ ಬಂದ ದಿನ ಸಾಹೇಬರು ಫೈಲಿನಿಂದ ಪುಟ ಒಂಬತ್ತನ್ನೂ ಹದಿನಾಲ್ಕನ್ನೂ ಕಿತ್ತು ಮಗಳಿಗೆ ಕೊಟ್ಟರು. ಅವಳು ಅದರಲ್ಲಿ ಎರಡು ದೋಣಿ ಮಾಡಿದಳು. ಉಳಿದ ಪುಟಗಳು ಈಗಲೂ ಇವೆಯೋ, ಆದೇಶ ವಾಪಸ್ಸಾಯಿತೋ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬನದವರ ತಿರುವಿನಲ್ಲಿ ಇವತ್ತಿಗೂ ಕೆಲವರು ನಿಂತುಬಿಡುತ್ತಾರೆ.

ಹುಲಿಗಿ ಹಾಸ್ಟೆಲ್ಲಿಗೆ ಹೋಗಿ ಏಳು ತಿಂಗಳಾಯಿತು. ಅಲ್ಲಿ ಮಕ್ಕಳ ಕೈಗೆ ಫೋನ್ ಕೊಡುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಒಂದು ಗಂಟೆಗೆ. ದುರ್ಗಪ್ಪನ ಮನೆಯಲ್ಲಿ ಗಡಿಯಾರವಿಲ್ಲ. ಹನ್ನೆರಡೂವರೆಗೆ ನಾನು ಹೋಗುತ್ತೇನೆ. ಹೊಸ್ತಿಲ ಮೇಲೆ ಕೂರುವುದಿಲ್ಲ, ಪಕ್ಕದ ಕಟ್ಟೆಯ ಮೇಲೆ ಕೂರುತ್ತೇನೆ. ಅವನು ಕೈಯಲ್ಲಿನ ಚಪ್ಪಲಿ ಕೆಳಗಿಟ್ಟು, "ಹೇಳ್ರಿ ಮಾಸ್ತರ್ರ, ಹೆಂಗ ಹಿಡದ್ಳು?" ಎನ್ನುತ್ತಾನೆ.

ನಾನು ನೋಡಿಲ್ಲ, ಅದು ಅವನಿಗೂ ಗೊತ್ತು. ಆದರೂ ಹೇಳುತ್ತೇನೆ. ಮೊದಮೊದಲು ಅವಳು ಒಂದಾಳು ಎತ್ತರ ಹಾರಿದ್ದಳು. ಈಗ ಬೇವಿನ ಮರದ ತುದಿಯವರೆಗೆ ಹೋಗಿದ್ದಾಳೆ. ನಿನ್ನೆ ಚೆಂಡಿಗೆ ಬೆಂಕಿ ಹತ್ತಿಕೊಂಡಿತ್ತು, ಅವಳು ಅದನ್ನು ಎದೆಗವಚಿಕೊಂಡು ಆರಿಸಿದಳು. "ಹೌದೇನ್ರಿ?" ಎನ್ನುತ್ತಾನೆ ಅವನು, ಕಂಬದ ನೆರಳಿನ ಮೇಲಿನ ಕಣ್ಣು ತೆಗೆಯದೆ. "ಆಮ್ಯಾಲೆ?"

ನೆರಳು ಈ ಹಂಗಾಮಿಗೆಂದು ಮುತ್ಯಾ ಕೊರೆದ ಜೋಡಿಯ ಎರಡನೇ ಗೆರೆ ದಾಟುತ್ತದೆ. ಫೋನು ರಿಂಗಾಗುತ್ತದೆ. ಒಂದು ದಿನವೂ ತಪ್ಪಿಲ್ಲ.

"ಅಪ್ಪಾ, ಊಟಾತೇನು? ಸರ್ರು ಅಲ್ಲೇ ಅದಾರೇನು?" ಅವಳ ದನಿ ಕಟ್ಟೆಯವರೆಗೂ ಕೇಳುತ್ತದೆ. "ಅವರಿಗೆ ಹೇಳು, ಇಲ್ಲಿ ಎಲ್ಲಾರೂ ಒದೀತಾರ."